ಮುನ್ನೆಲೆಗೆ ಬಂದ ಹಿನ್ನೆಲೆ ಸಂಗೀತ

ವಾದ್ಯವೃಂದದೊಡನೆ ನಡೆಯುವ ಸಿನಿಮಾ ಪ್ರದರ್ಶನದಲ್ಲಿ ಚಿತ್ರ ಮೊದಲಿನಿಂದ ಕೊನೆಯವರೆಗೆ ಪೂರ್ತಿ ಓಡುತ್ತದೆ. ಪಾತ್ರಗಳ ಮಾತು ಕೇಳಿಸುತ್ತದೆ. ಮಳೆ, ಬಾಗಿಲು ಬಡಿದ ಸದ್ದು, ಕುದುರೆಯ ಗೊರಸು ಎಲ್ಲವೂ ಇರುತ್ತವೆ. ಇಲ್ಲದಿರುವುದು ಧ್ವನಿಪಥದಲ್ಲಿ ಅಚ್ಚಾಗಿದ್ದ ಸಂಗೀತ ಮಾತ್ರ. ಅದನ್ನು ಮೊದಲೇ ಬೇರ್ಪಡಿಸಿ ತೆಗೆದಿರುತ್ತಾರೆ. ತೆರೆಯ ಕೆಳಗೆ ವೇದಿಕೆಯಲ್ಲಿ ಕುಳಿತ ಎಂಬತ್ತು, ತೊಂಬತ್ತು ವಾದಕರು ಅದೇ ಸಂಗೀತವನ್ನು ಪ್ರೇಕ್ಷಕರ ಎದುರಿಗೇ ನುಡಿಸುತ್ತಾರೆ. ಸಭಾಂಗಣ ಕತ್ತಲಾದ ಮೇಲೂ ಅವರ ಮುಂದಿನ ಸ್ವರಲಿಪಿಯ ಸ್ಟ್ಯಾಂಡುಗಳ ಮೇಲೆ ಪುಟ್ಟ ದೀಪಗಳು ಉರಿಯುತ್ತಲೇ ಇರುತ್ತವೆ. ಹತ್ತಾರು ಪಿಟೀಲು ಕಮಾನುಗಳು ಒಟ್ಟಿಗೆ ಏರಿ ಇಳಿಯುವುದು ಆ ಮಂದ ಬೆಳಕಿನಲ್ಲಿ ಕಾಣುತ್ತದೆ.

ಚಿತ್ರಮಂದಿರದಲ್ಲಿ ಸಂಗೀತ ಎಲ್ಲಿಂದ ಬರುತ್ತದೆಂದು ಯಾರೂ ಕೇಳುವುದಿಲ್ಲ. ಕೇಳಬಾರದು ಎಂಬುದೇ ಹಿನ್ನೆಲೆ ಸಂಗೀತದ ಒಳ ನಿಯಮ. ದೃಶ್ಯದ ಬೆನ್ನಿಗೆ ನಿಂತು ಕಣ್ಣಿಗೆ ಬೀಳದಂತೆ ಮನಸ್ಸನ್ನು ತಿರುಗಿಸುವುದು ಅದರ ಕೆಲಸ. ಜೀವಂತ ವಾದ್ಯವೃಂದ ಆ ಮುಚ್ಚುಮರೆಯನ್ನು ತೆಗೆದುಹಾಕುತ್ತದೆ. ಈ ಪ್ರಕಾರದ ಬೆಲೆ ಇರುವುದು ಅಲ್ಲಿಯೇ. ಹಿಮ್ಮೇಳ ಎಷ್ಟು ಮಂದಿಯ, ಎಂಥ ದುಡಿಮೆ ಎಂಬುದು ಮುಮ್ಮೇಳ ನೋಡಲು ಬಂದವರಿಗೆ ಮೊದಲ ಬಾರಿಗೆ ಕಾಣುತ್ತದೆ.

ಇದು ಹೊಸ ಮೋಜು ಎಂದು ತಿಳಿಯುವವರಿದ್ದಾರೆ. ಆದರೆ ಸಿನಿಮಾ ಹುಟ್ಟಿದ್ದೇ ಜೀವಂತ ಸಂಗೀತದ ಜೊತೆಗೆ. 1895ರ ಡಿಸೆಂಬರ್ 28ರಂದು ಪ್ಯಾರಿಸಿನ ಗ್ರ್ಯಾಂಡ್ ಕೆಫೆಯ ನೆಲಮಾಳಿಗೆಯಲ್ಲಿ ಲೂಮಿಯೇರ್ ಸಹೋದರರು ಹಣ ಪಡೆದು ತೋರಿಸಿದ ಮೊದಲ ಚಿತ್ರಗಳಿಗೆ ಪಿಯಾನೊ ಸಾಥ್ ಇತ್ತು. 1908ರಲ್ಲಿ ಫ್ರಾನ್ಸಿನ ಹೆಸರಾಂತ ಸಂಗೀತಕಾರ ಕಾಮಿಲ್ ಸಾಂ-ಸಾನ್ಸ್ 'ಡ್ಯೂಕ್ ಆಫ್ ಗೀಸ್‌ನ ಕೊಲೆ' ಎಂಬ ಕಿರುಚಿತ್ರಕ್ಕೆಂದೇ ಸಂಗೀತ ಬರೆದರು. ಹೆಸರು ಮಾಡಿದ ಸಂಗೀತಕಾರರೊಬ್ಬರು ಒಂದು ಚಿತ್ರಕ್ಕಾಗಿಯೇ ಲೇಖನಿ ಹಿಡಿದ ಆರಂಭದ ಉದಾಹರಣೆ ಅದು. ಎಲ್ಲ ಚಿತ್ರಗಳಿಗೂ ಆ ಭಾಗ್ಯವಿರಲಿಲ್ಲ. ಸಾಮಾನ್ಯ ಚಿತ್ರಮಂದಿರದ ಪಿಯಾನೊ ವಾದಕರು ಯಾವ ದೃಶ್ಯಕ್ಕೆ ಯಾವ ಬಗೆಯ ಸಂಗೀತ ಹೊಂದುತ್ತದೆಂದು ಹೇಳುವ ಪಟ್ಟಿಗಳನ್ನು ನೆಚ್ಚಿಕೊಂಡಿದ್ದರು. ಚಿತ್ರ ತಯಾರಿಸುವ ಕಂಪನಿಗಳೇ ಅಂಥ ಪಟ್ಟಿ ಕಳಿಸುತ್ತಿದ್ದವು. ಬಿರುಗಾಳಿಗೊಂದು, ಬೆನ್ನಟ್ಟುವಿಕೆಗೊಂದು, ತಾಯಿಯ ಕಣ್ಣೀರಿಗೊಂದು ಎಂದು ತುಣುಕುಗಳನ್ನು ವಿಂಗಡಿಸಿದ ದಪ್ಪ ಸಂಪುಟಗಳೂ ಬಂದವು. ಇಟಲಿ ಮೂಲದ ಜೂಸೆಪ್ಪೆ ಬೆಚ್ಚೆ ಬರ್ಲಿನ್ನಿನಿಂದ 1919ರಲ್ಲಿ ಹೊರತರಲಾರಂಭಿಸಿದ ಸಂಗ್ರಹ, ಎರ್ನೊ ರಾಪೆ 1924ರಲ್ಲಿ ನ್ಯೂಯಾರ್ಕಿನಲ್ಲಿ ಪ್ರಕಟಿಸಿದ ಸಂಗ್ರಹ ಇವುಗಳಲ್ಲಿ ಪ್ರಸಿದ್ಧ.

ದೊಡ್ಡ ನಗರಗಳ ಚಿತ್ರಮಂದಿರಗಳ ವೈಭವ ಬೇರೆಯೇ. ನ್ಯೂಯಾರ್ಕಿನಲ್ಲಿ 1927ರಲ್ಲಿ ತೆರೆದ ರಾಕ್ಸಿ ಚಿತ್ರಮಂದಿರಕ್ಕೆ 110 ವಾದಕರ ಸ್ವಂತ ವಾದ್ಯವೃಂದವಿತ್ತು. ಹಳ್ಳಿಯ ಕೊಟ್ಟಿಗೆಯಂಥ ಚಿತ್ರಮಂದಿರದಲ್ಲಿ ಒಬ್ಬ ಪಿಯಾನೊ ವಾದಕ, ರಾಕ್ಸಿಯಲ್ಲಿ ನೂರಾ ಹತ್ತು ಮಂದಿ. ಒಂದೇ ಚಿತ್ರ ಎರಡು ಊರಿನಲ್ಲಿ ಎರಡು ಬೇರೆ ಅನುಭವವಾಗುತ್ತಿತ್ತು. ಭಾರತದಲ್ಲಿ ಆ ಜಾಗದಲ್ಲಿ ಹಾರ್ಮೋನಿಯಂ ಮತ್ತು ತಬಲಾ ಕುಳಿತವು. ಕಂಪನಿ ನಾಟಕದ ರಂಗದ ಮುಂದೆ ಕಾಲು ಹಾರ್ಮೋನಿಯಂ ಕೇಳಿ ಬೆಳೆದ ಪ್ರೇಕ್ಷಕರಿಗೆ ಮೂಕಿ ಚಿತ್ರದ ಪಕ್ಕದಲ್ಲಿ ಅದೇ ನಾದ ಕೇಳಿದ್ದು ಸಹಜವೇ ಆಗಿತ್ತು.

1927ರ ಅಕ್ಟೋಬರಿನಲ್ಲಿ 'ದಿ ಜಾಝ್ ಸಿಂಗರ್' ತೆರೆಕಂಡಿತು. ಚಿತ್ರ ತಾನೇ ಮಾತಾಡಿತು, ತಾನೇ ಹಾಡಿತು. ಕೆಲವೇ ವರ್ಷಗಳಲ್ಲಿ ಅಮೆರಿಕ, ಯುರೋಪಿನ ಚಿತ್ರಮಂದಿರಗಳ ಸಾವಿರಾರು ವಾದಕರು ಕೆಲಸ ಕಳೆದುಕೊಂಡರು. ಅಮೆರಿಕದ ಸಂಗೀತಗಾರರ ಒಕ್ಕೂಟ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು, ಡಬ್ಬಿಯಲ್ಲಿ ತುಂಬಿದ ಸಂಗೀತವನ್ನು ಒಪ್ಪಬೇಡಿ ಎಂದು ಜನರನ್ನು ಬೇಡಿಕೊಂಡಿತು. ಜನ ಒಪ್ಪಿಬಿಟ್ಟಿದ್ದರು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಾಗ ತೆರೆಯ ಮುಂದೆ ವಾದಕರು ಬೇಕಿರಲಿಲ್ಲ.

ಹೋದ ವಾದಕರು ಮತ್ತೆ ಬಂದದ್ದು ಮೂಕಿ ಚಿತ್ರಗಳನ್ನು ಉಳಿಸಿಕೊಳ್ಳುವ ಕೆಲಸದ ಮೂಲಕ. ಬ್ರಿಟಿಷ್ ಇತಿಹಾಸಕಾರ ಕೆವಿನ್ ಬ್ರೌನ್‌ಲೋ ನಿರ್ದೇಶಕ ಆಬೆಲ್ ಗಾನ್ಸ್‌ನ 'ನೆಪೋಲಿಯನ್' ಚಿತ್ರದ ಚದುರಿಹೋದ ತುಂಡುಗಳನ್ನು ವರ್ಷಗಟ್ಟಲೆ ಹುಡುಕಿ ಜೋಡಿಸಿದರು. 1980ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ಅದು ಕಾರ್ಲ್ ಡೇವಿಸ್ ಸಂಯೋಜಿಸಿದ ಸಂಗೀತದೊಡನೆ, ಜೀವಂತ ವಾದ್ಯವೃಂದದೊಡನೆ ಪ್ರದರ್ಶನಗೊಂಡಿತು. ಸುಮಾರು ಐದು ಗಂಟೆಯ ಮೂಕಿ ಚಿತ್ರಕ್ಕೆ ಜನ ಕಿಕ್ಕಿರಿದು ಕೂತರು. ಮೂಕಿ ಚಿತ್ರವೆಂದರೆ ಗಡಿಬಿಡಿಯಲ್ಲಿ ಓಡಾಡುವ ಮಸುಕು ಬೊಂಬೆಗಳು ಎಂದುಕೊಂಡಿದ್ದವರು, ಸರಿಯಾದ ವೇಗದಲ್ಲಿ, ಸರಿಯಾದ ಸಂಗೀತದ ಜೊತೆ ಅದು ಏನಾಗಬಲ್ಲದು ಎಂಬುದನ್ನು ಅಂದು ಕಂಡುಕೊಂಡರು.

ಸಂಗೀತ ಚಿತ್ರಕ್ಕೆ ಕೊಟ್ಟ ಅತಿ ದೊಡ್ಡ ಕೊಡುಗೆಯ ಕತೆ ಮಾತ್ರ ಜರ್ಮನಿಯದು. ಫ್ರಿಟ್ಜ್ ಲಾಂಗ್ ನಿರ್ದೇಶನದ 'ಮೆಟ್ರೊಪೊಲಿಸ್' 1927ರ ಜನವರಿ 10ರಂದು ಬರ್ಲಿನ್ನಿನ ಊಫಾ-ಪಲಾಸ್ಟ್ ಚಿತ್ರಮಂದಿರದಲ್ಲಿ ತೆರೆಕಂಡಾಗ ಎರಡೂವರೆ ಗಂಟೆ ದಾಟಿತ್ತು. ಗಾಟ್‌ಫ್ರೀಡ್ ಹುಪ್ಪರ್ಟ್ಜ್ ಅದಕ್ಕೆ ಪೂರ್ಣ ವಾದ್ಯವೃಂದದ ಸಂಗೀತ ಬರೆದಿದ್ದರು. ಚಿತ್ರ ಗಲ್ಲಾಪೆಟ್ಟಿಗೆಯಲ್ಲಿ ಸೋತಿತು. ಅಮೆರಿಕದ ವಿತರಕರು ಅದನ್ನು ಕತ್ತರಿಸಿದರು. ಜರ್ಮನಿಯಲ್ಲೂ ಅದೇ ವರ್ಷ ಮೂಲ ಪ್ರತಿಯನ್ನು ಹಿಂತೆಗೆದು ಮೊಟಕಾದುದನ್ನೇ ಓಡಿಸಿದರು. ಸುಮಾರು ಕಾಲುಭಾಗ ಕಾಣೆಯಾಯಿತು. ಕತೆಯ ಕೊಂಡಿಗಳು ತಪ್ಪಿ, ಪಾತ್ರಗಳು ಏಕೆ ಹಾಗೆ ನಡೆದುಕೊಳ್ಳುತ್ತವೆಂದೇ ತಿಳಿಯದ ಚಿತ್ರವೊಂದನ್ನು ಜಗತ್ತು ಎಂಬತ್ತು ವರ್ಷ ಶ್ರೇಷ್ಠಕೃತಿ ಎಂದು ಕರೆಯಿತು.

ಉಳಿದದ್ದು ಹುಪ್ಪರ್ಟ್ಜ್‌ನ ಸ್ವರಲಿಪಿ. ಚಿತ್ರಮಂದಿರದ ವಾದ್ಯವೃಂದಕ್ಕೆ ನೆರವಾಗಲೆಂದು ಅವರು ಅದರಲ್ಲಿ ಸಾವಿರಕ್ಕೂ ಹೆಚ್ಚು ಕಡೆ ತೆರೆಯ ಮೇಲೆ ಆ ಹೊತ್ತಿಗೆ ಏನು ಕಾಣಬೇಕು ಎಂದು ಬರೆದಿಟ್ಟಿದ್ದರು. ಇಂಥವನು ಬಾಗಿಲು ತೆರೆಯುತ್ತಾನೆ, ಇಲ್ಲಿ ಯಂತ್ರ ನಿಲ್ಲುತ್ತದೆ, ಇಲ್ಲಿ ಫಲಕ ಬರುತ್ತದೆ ಎಂಬಂಥ ಚಿಕ್ಕ ಟಿಪ್ಪಣಿಗಳು. ವಾದಕರಿಗಾಗಿ ಗೀಚಿದ ಆ ಗುರುತುಗಳೇ ದಶಕಗಳ ನಂತರ ಚಿತ್ರವನ್ನು ಪುನಃ ಕಟ್ಟುವವರಿಗೆ ನಕ್ಷೆಯಾದವು. ದೃಶ್ಯಗಳ ಅನುಕ್ರಮ ಯಾವುದು, ಎಲ್ಲಿ ಎಷ್ಟು ಹೊತ್ತಿನ ತುಂಡು ಕಾಣೆಯಾಗಿದೆ ಎಂಬುದನ್ನು ಸಂಗೀತದ ಅಳತೆಯಿಂದ ತಿಳಿಯಬಹುದಾಗಿತ್ತು. 2008ರಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನ ಸಿನಿಮಾ ವಸ್ತುಸಂಗ್ರಹಾಲಯದಲ್ಲಿ 16 ಮಿಲಿಮೀಟರಿನ, ಗೀರುಗಳಿಂದ ತುಂಬಿದ, ಆದರೆ ಬಹುಮಟ್ಟಿಗೆ ಪೂರ್ಣವಾದ ಪ್ರತಿಯೊಂದು ಸಿಕ್ಕಿತು. ಸುಮಾರು 25 ನಿಮಿಷದ ಕಳೆದುಹೋದ ದೃಶ್ಯಗಳು ಅದರಲ್ಲಿದ್ದವು. ಅವನ್ನು ಕೂಡಿಸುವಾಗಲೂ ಸ್ವರಲಿಪಿಯನ್ನು ಕೈಯಲ್ಲಿ ಹಿಡಿದೇ ಕೆಲಸ ನಡೆಯಿತು. 2010ರ ಫೆಬ್ರುವರಿ 12ರಂದು ಬರ್ಲಿನ್ ಚಿತ್ರೋತ್ಸವದಲ್ಲಿ ಫ್ರಾಂಕ್ ಸ್ಟ್ರೋಬೆಲ್ ನಡೆಸಿದ ವಾದ್ಯವೃಂದದೊಡನೆ ಅದು ಮರಳಿ ಬೆಳಕು ಕಂಡಿತು. ಪುನರುದ್ಧಾರಗೊಂಡ ಆ ಪ್ರತಿಯಲ್ಲಿ ಅರ್ಜೆಂಟೀನಾದ ತುಂಡುಗಳು ಬಂದಾಗ ತೆರೆಯ ಮೇಲೆ ಮಳೆ ಸುರಿದಂತೆ ಗೀರುಗಳು ಎದ್ದು ಕಾಣುತ್ತವೆ. ವಾದ್ಯವೃಂದದ ನಾದದಲ್ಲಿ ಮಾತ್ರ ಹೊಲಿಗೆಯ ಗುರುತಿಲ್ಲ.

ಮೂಕಿ ಚಿತ್ರಕ್ಕೆ ನುಡಿಸುವುದರಲ್ಲಿ ಒಂದು ಅನುಕೂಲವಿದೆ. ಮಾತಿಲ್ಲ, ಸದ್ದಿಲ್ಲ, ಇಡೀ ಧ್ವನಿಲೋಕ ವಾದಕರದು. ಮಾತಾಡುವ ಚಿತ್ರಕ್ಕೆ ಜೀವಂತವಾಗಿ ನುಡಿಸುವುದು ಬಹಳ ತೊಡಕಿನ ಕೆಲಸ, ಅದು ಶುರುವಾದದ್ದೂ ತಡವಾಗಿ. ಗಟ್ಟಿಯಾದ ಮೊದಲ ಹೆಜ್ಜೆಗಳಲ್ಲಿ ಒಂದು 1987ರದು. ಐಸೆನ್‌ಸ್ಟೈನ್ ನಿರ್ದೇಶಿಸಿ ಪ್ರೊಕೊಫಿಯೆವ್ ಸಂಗೀತ ನೀಡಿದ 1938ರ 'ಅಲೆಕ್ಸಾಂಡರ್ ನೆವ್‌ಸ್ಕಿ'ಯನ್ನು ಲಾಸ್ ಏಂಜಲೀಸ್ ಫಿಲ್ಹಾರ್ಮೊನಿಕ್ ವಾದ್ಯವೃಂದ ಆಂದ್ರೆ ಪ್ರೆವಿನ್ ನೇತೃತ್ವದಲ್ಲಿ ಆ ವರ್ಷ ಚಿತ್ರದೊಡನೆಯೇ ನುಡಿಸಿತು. ಆ ಚಿತ್ರದ ಧ್ವನಿಮುದ್ರಣ ತೀರಾ ಕಳಪೆ. ಅಷ್ಟು ಭವ್ಯ ಸಂಗೀತ ಹಳೆಯ ರೇಡಿಯೊದೊಳಗಿಂದ ಬಂದಂತೆ ಕೇಳಿಸುತ್ತದೆ. ಹೆಪ್ಪುಗಟ್ಟಿದ ಸರೋವರದ ಮೇಲಿನ ಯುದ್ಧಕ್ಕೆ ನಿಜವಾದ ತುತ್ತೂರಿ, ನಗಾರಿ, ಮೇಳಗಾಯನ ಸಿಕ್ಕಿದಾಗ ಚಿತ್ರ ಐವತ್ತು ವರ್ಷ ಎಳೆಯದಾಯಿತು. ಕಳೆದುಕೊಂಡದ್ದೂ ಒಂದಿದೆ. ಪ್ರೊಕೊಫಿಯೆವ್ ಶತ್ರುಸೈನ್ಯದ ತುತ್ತೂರಿಗಳನ್ನು ಬೇಕೆಂದೇ ಮೈಕಿನ ಮುಖಕ್ಕೇ ಊದಿಸಿ, ಒಡೆದ ಕರ್ಕಶ ನಾದ ಪಡೆಯಲು ಪ್ರಯೋಗ ಮಾಡಿದ್ದರು. ಅಂಥ ಒಡಕು ಸಭಾಂಗಣದ ಸ್ವಚ್ಛ ನಾದದಲ್ಲಿ ಹುಟ್ಟುವುದಿಲ್ಲ. ಜೀವಂತವಾದದ್ದೆಲ್ಲ ಮೂಲಕ್ಕಿಂತ ಮೇಲು ಎಂದು ಕಣ್ಣುಮುಚ್ಚಿ ಹೇಳಲಾಗದು.

ಟಾಕಿ ಚಿತ್ರಕ್ಕೆ ಮೊದಲ ಅಡ್ಡಿ ಸಂಗೀತವನ್ನು ಮಾತಿನಿಂದ ಬಿಡಿಸುವುದು. ಈಗಿನ ಚಿತ್ರಗಳಲ್ಲಿ ಮಾತು, ಸಂಗೀತ, ಸದ್ದು ಮೂರನ್ನೂ ಬೇರೆ ಬೇರೆ ಪಥಗಳಲ್ಲಿ ಇಟ್ಟಿರುತ್ತಾರೆ. ಸಂಗೀತದ ಪಥವನ್ನು ಮುಚ್ಚಿದರೆ ಕೆಲಸವಾಯಿತು. ಹಳೆಯ ಚಿತ್ರಗಳಲ್ಲಿ ಎಷ್ಟೋ ಕಡೆ ಮೂರೂ ಒಂದರಲ್ಲೇ ಬೆರೆತುಹೋಗಿವೆ, ಬೇರೆ ಪಥಗಳು ಉಳಿದಿಲ್ಲ. ಹಾಲಿನಲ್ಲಿ ಕರಗಿದ ಸಕ್ಕರೆಯನ್ನು ಹೊರತೆಗೆದಂಥ ಈ ಕೆಲಸವನ್ನು ಈಗ ಕಂಪ್ಯೂಟರ್ ತಂತ್ರಾಂಶಗಳು ಬಹುಮಟ್ಟಿಗೆ ಮಾಡುತ್ತವೆ. 1961ರ 'ವೆಸ್ಟ್ ಸೈಡ್ ಸ್ಟೋರಿ'ಯನ್ನು ಅದರ ಐವತ್ತನೇ ವರ್ಷದಲ್ಲಿ, 2011ರಲ್ಲಿ, ವಾದ್ಯವೃಂದದೊಡನೆ ತೋರಿಸಲು ಹೊರಟಾಗ ಹಾಡಿನ ದನಿಯನ್ನು ವಾದ್ಯಗಳಿಂದ ಬಿಡಿಸಬೇಕಾಯಿತು. ನಟಾಲಿ ವುಡ್‌ಗೆ ಹಿನ್ನೆಲೆಯಲ್ಲಿ ಹಾಡಿದವರು ಮಾರ್ನಿ ನಿಕ್ಸನ್. ಐವತ್ತು ವರ್ಷ ಹಿಂದೆ ಹಾಡಿ ಮುಗಿಸಿದ ಆ ದನಿಗೆ ಇಂದಿನ ವಾದಕರು ಪಕ್ಕವಾದ್ಯ ನುಡಿಸಬೇಕು. ಕಛೇರಿಯಲ್ಲಿ ಪಕ್ಕವಾದ್ಯದವರತ್ತ ಗಾಯಕಿ ಒಮ್ಮೆಯಾದರೂ ತಿರುಗಿ ನೋಡುತ್ತಾರೆ. ಇಲ್ಲಿ ಆ ನೋಟವಿಲ್ಲ. ಆಕೆ ಉಸಿರು ತೆಗೆದುಕೊಂಡ ಜಾಗದಲ್ಲೇ ಎಲ್ಲರೂ ಉಸಿರು ತೆಗೆದುಕೊಳ್ಳಬೇಕು.

ಎರಡನೆಯ ಅಡ್ಡಿ ಸ್ವರಲಿಪಿಯದೇ. ಚಿತ್ರ ಬಿಡುಗಡೆಯಾದ ಮೇಲೆ ಸಂಗೀತದ ಹಾಳೆಗಳಿಂದ ಏನು ಉಪಯೋಗ ಎಂದು ಸ್ಟುಡಿಯೊಗಳು ಯೋಚಿಸಿದವು. ಹಾಲಿವುಡ್ಡಿನ ಎಂಜಿಎಂ ಸಂಸ್ಥೆಯ ಸಂಗೀತ ಗ್ರಂಥಾಲಯದ ಬಹುಭಾಗ 1969ರ ಸುಮಾರಿಗೆ ಕಸದ ಜೊತೆ ಹಳ್ಳ ತುಂಬಲು ಹೋಯಿತು. 'ದಿ ವಿಝರ್ಡ್ ಆಫ್ ಓಝ್', 'ಸಿಂಗಿನ್ ಇನ್ ದ ರೇನ್' ಚಿತ್ರಗಳ ವಾದ್ಯವಿನ್ಯಾಸವೂ ಹೀಗೆ ನಾಶವಾದವುಗಳಲ್ಲಿ ಸೇರಿತ್ತು. ವಾದ್ಯವೃಂದ ನಡೆಸುವ ಬ್ರಿಟಿಷ್ ಕಂಡಕ್ಟರ್ ಜಾನ್ ವಿಲ್ಸನ್ ಆ ಚಿತ್ರಗಳ ಧ್ವನಿಪಥವನ್ನು ಮತ್ತೆ ಮತ್ತೆ ಕೇಳುತ್ತಾ, ಒಂದೊಂದು ವಾದ್ಯದ ಸ್ವರವನ್ನೂ ಕಿವಿಯಿಂದಲೇ ಹೆಕ್ಕಿ ಬರೆದರು. ಸಂಭಾಷಣೆ, ಹೆಜ್ಜೆಸಪ್ಪಳ, ಮಳೆಯ ಹಿಂದೆ ಅಡಗಿದ ಎರಡನೆಯ ಕ್ಲಾರಿನೆಟ್ಟಿನ ಸ್ವರ ಕೇಳಿ ಬರೆಯುವುದೆಂದರೆ ವರ್ಷಗಳ ತಪಸ್ಸು.

ಇನ್ನು ಮೂರನೆಯದು, ಎಲ್ಲಕ್ಕಿಂತ ಕಠಿಣವಾದದ್ದು, ತಾಳ. ಸಿನಿಮಾ ಸೆಕೆಂಡಿಗೆ 24 ಫ್ರೇಮಿನಂತೆ ಓಡುತ್ತದೆ. ನಿಮಿಷಕ್ಕೆ 120 ಪೆಟ್ಟಿನ ಲಯದಲ್ಲಿ ನುಡಿಸಿದರೆ ಒಂದು ಪೆಟ್ಟಿಗೆ ಸರಿಯಾಗಿ 12 ಫ್ರೇಮ್. ಲಯ 118ಕ್ಕೆ ಇಳಿದರೆ ಒಂದು ನಿಮಿಷ ಮುಗಿಯುವ ಹೊತ್ತಿಗೆ ಸಂಗೀತ ಎರಡು ಪೆಟ್ಟು, ಅಂದರೆ ಒಂದು ಸೆಕೆಂಡು ಹಿಂದೆ ಬಿದ್ದಿರುತ್ತದೆ. ಕಛೇರಿಯಲ್ಲಿ ಅದು ಯಾರ ಗಮನಕ್ಕೂ ಬಾರದು. ತೆರೆಯ ಮೇಲೆ ಕತ್ತಿ ಬಿದ್ದು ಒಂದು ಸೆಕೆಂಡಿನ ನಂತರ ಜಾಗಟೆ ಬಾರಿಸಿದರೆ ಮಗುವಿಗೂ ತಿಳಿಯುತ್ತದೆ.

ಕಂಡಕ್ಟರನ ಮುಂದೆ ಸ್ವರಲಿಪಿಯ ಪಕ್ಕದಲ್ಲಿ ಒಂದು ಚಿಕ್ಕ ತೆರೆಯಿರುತ್ತದೆ. ಪ್ರೇಕ್ಷಕರು ಕಾಣುವ ಚಿತ್ರವೇ ಅದರಲ್ಲೂ ಓಡುತ್ತದೆ, ಆದರೆ ಅದರ ಮೇಲೆ ಬೇರೆ ಗುರುತುಗಳಿರುತ್ತವೆ. ಬಣ್ಣದ ಲಂಬ ಗೆರೆಯೊಂದು ಎಡದಿಂದ ಬಲಕ್ಕೆ ಎರಡು ಮೂರು ಸೆಕೆಂಡಿನಲ್ಲಿ ಸಾಗಿ ಅಂಚು ಮುಟ್ಟಿದಾಗ ಬಿಳಿಯ ಚುಕ್ಕೆಯೊಂದು ಫಳಕ್ಕೆಂದು ಹೊಳೆಯುತ್ತದೆ. ಆ ಹೊಳಪಿಗೆ ಸರಿಯಾಗಿ ಕಂಡಕ್ಟರನ ಕೈಯ ಕೋಲು ಕೆಳಗಿಳಿಯಬೇಕು. ಗೆರೆಗೆ ಸ್ಟ್ರೀಮರ್ ಎಂದೂ ಹೊಳಪಿಗೆ ಪಂಚ್ ಎಂದೂ ಹೆಸರು. ಹಾಲಿವುಡ್ಡಿನ ಸಂಗೀತ ನಿರ್ದೇಶಕ ಆಲ್ಫ್ರೆಡ್ ನ್ಯೂಮನ್ ಹೆಸರಿನಲ್ಲಿ ಪ್ರಸಿದ್ಧವಾದ ಪದ್ಧತಿ ಇದು. ಆಗ ಫಿಲ್ಮಿನ ಸುರುಳಿಯ ಮೇಲೆಯೇ ಗೆರೆ ಗೀರಿ, ಫ್ರೇಮಿಗೆ ತೂತು ಕೊರೆದು ಈ ಗುರುತು ಮಾಡುತ್ತಿದ್ದರು. ಪಂಚ್ ಎಂಬ ಹೆಸರು ಬಂದದ್ದು ಆ ತೂತಿನಿಂದ. ಈಗ ಕಂಪ್ಯೂಟರ್ ಆ ಗೆರೆ ಎಳೆಯುತ್ತದೆ. ಎರಡು ಹೊಳಪುಗಳ ನಡುವೆ ಲಯವನ್ನು ಕೊಂಚ ಹಿಗ್ಗಿಸುವ, ಕುಗ್ಗಿಸುವ ಸ್ವಾತಂತ್ರ್ಯ ಕಂಡಕ್ಟರನಿಗೆ ಉಳಿಯುತ್ತದೆ.

ಎರಡನೆಯ ದಾರಿ ಕ್ಲಿಕ್. ಕಿವಿಯ ಹೆಡ್‌ಫೋನಿನಲ್ಲಿ ಟಿಕ್ ಟಿಕ್ ಎಂಬ ಸದ್ದು ಪ್ರತಿ ಪೆಟ್ಟನ್ನೂ ಹೇಳುತ್ತಿರುತ್ತದೆ. ಕಂಡಕ್ಟರನಿಗೆ ಮಾತ್ರ, ಇಲ್ಲವೇ ತಾಳವಾದ್ಯದವರಿಗೂ ಸೇರಿ, ಕೆಲವೊಮ್ಮೆ ಎಲ್ಲ ವಾದಕರಿಗೂ ಅದನ್ನು ಕೊಡುತ್ತಾರೆ. ವೇಗವಾಗಿ ಬದಲಾಗುವ ಕಾಳಗದ ದೃಶ್ಯಗಳಿಗೆ, ಕಾರ್ಟೂನ್ ಚಿತ್ರಗಳಿಗೆ ಇದಿಲ್ಲದೆ ಆಗದು. ತಪ್ಪುವ ಭಯವಿಲ್ಲ, ನಿಜ. ಆದರೆ ಗಡಿಯಾರದ ಮುಳ್ಳಿಗೆ ಕಟ್ಟಿದ ಪಿಟೀಲಿನಲ್ಲಿ ಉಸಿರು ಕಡಿಮೆ. ಕ್ಲಿಕ್ ಬಿಟ್ಟು ಗೆರೆ ಹೊಳಪುಗಳನ್ನಷ್ಟೇ ನೆಚ್ಚುವ ಕಂಡಕ್ಟರುಗಳ ಕಛೇರಿಯಲ್ಲಿ ಕರುಣರಸದ ಭಾಗಗಳು ಹೆಚ್ಚು ಜೀವದಿಂದ ಕೂಡಿರುತ್ತವೆ.

ಈ ಬಗೆಯ ಕೆಲಸ ದಕ್ಷಿಣ ಭಾರತದ ಚಿತ್ರರಂಗಕ್ಕೆ ಹೊಸದಲ್ಲ. ಇಲ್ಲಿ ಹಿನ್ನೆಲೆ ಸಂಗೀತ ಮುದ್ರಿಸುವುದಕ್ಕೆ ರೀರೆಕಾರ್ಡಿಂಗ್ ಎಂದೇ ಹೆಸರು. ದಶಕಗಳ ಕಾಲ ಬಹುಪಾಲು ಕನ್ನಡ ಚಿತ್ರಗಳ ರೀರೆಕಾರ್ಡಿಂಗ್ ನಡೆದದ್ದು ಮದ್ರಾಸಿನ ಸ್ಟುಡಿಯೊಗಳಲ್ಲಿ. ಒಂದೊಂದು ರೀಲನ್ನು ತೆರೆಯ ಮೇಲೆ ಓಡಿಸಿ, ಅದನ್ನು ನೋಡುತ್ತಲೇ ವಾದಕರಿಂದ ನುಡಿಸಿ ಮುದ್ರಿಸಿಕೊಳ್ಳುತ್ತಿದ್ದ ಕಾಲ ಅದು. ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರ ಬಳಿ ಗಿಟಾರ್ ನುಡಿಸುತ್ತಾ, ಸಹಾಯಕರಾಗಿ ದುಡಿಯುತ್ತಾ ಇಳಯರಾಜ ಈ ವಿದ್ಯೆ ಕಲಿತರು. ಅಂದಿನ ರೀರೆಕಾರ್ಡಿಂಗ್ ಕೊಠಡಿಯಲ್ಲಿ ನಡೆಯುತ್ತಿದ್ದದ್ದನ್ನೇ ಬಾಗಿಲು ತೆರೆದು ಸಾವಿರಾರು ಮಂದಿಯ ಎದುರಿಗಿಟ್ಟರೆ ಇಂದಿನ ಸಿನಿಮಾ ಕಛೇರಿಯಾಗುತ್ತದೆ. ದೊಡ್ಡ ವ್ಯತ್ಯಾಸ ಒಂದೇ. ಸ್ಟುಡಿಯೊದಲ್ಲಿ ತಪ್ಪಿದರೆ ರೀಲನ್ನು ಹಿಂದಕ್ಕೆ ಸುತ್ತಬಹುದಿತ್ತು.

ಯಕ್ಷಗಾನ ನೋಡಿದವರಿಗೆ ಈ ಕಷ್ಟದ ಆಳ ಬೇಗ ತಿಳಿಯುತ್ತದೆ. ಅಲ್ಲಿ ಭಾಗವತರ ಕಣ್ಣು ವೇಷಧಾರಿಯ ಮೇಲಿರುತ್ತದೆ, ಚೆಂಡೆಯ ಪೆಟ್ಟು ಅವನ ಹೆಜ್ಜೆಯನ್ನು ಕಾಯುತ್ತದೆ. ಅವನು ಒಂದು ಸುತ್ತು ಹೆಚ್ಚು ಕುಣಿದರೆ ಹಿಮ್ಮೇಳ ಒಂದು ಸುತ್ತು ಬೆಳೆಯುತ್ತದೆ. ಭಾಗವತರು ಪದ ಎತ್ತಿದರೆ ಅವನು ನಿಲ್ಲುತ್ತಾನೆ. ಕೊಟ್ಟು ತೆಗೆದುಕೊಳ್ಳುವ ಸಂಬಂಧ ಅದು. ಸಿನಿಮಾ ಕಛೇರಿಯಲ್ಲಿ ಮುಮ್ಮೇಳಕ್ಕೆ ಕಿವಿಯೇ ಇಲ್ಲ. ಪಿಟೀಲಿನ ತಂತಿ ಹರಿದರೂ, ಹಾರ್ನ್ ವಾದಕನ ಉಸಿರು ಸಾಲದೆ ಹೋದರೂ ಚಿತ್ರ ಕಾಯುವುದಿಲ್ಲ. ಹೊಂದಿಕೊಳ್ಳುವ ಭಾರವೆಲ್ಲ ಜೀವವಿದ್ದವರ ಮೇಲೆ.

ಚಿತ್ರವೇ ಸಂಗೀತಕ್ಕೆ ತಲೆಬಾಗಿದ ಅಪರೂಪದ ಸಂದರ್ಭವೂ ಒಂದಿದೆ. 1982ರ 'ಇ.ಟಿ.' ಚಿತ್ರದ ಕೊನೆಯಲ್ಲಿ ಹುಡುಗರು ಸೈಕಲ್ ಮೇಲೆ ತಪ್ಪಿಸಿಕೊಂಡು ಹೋಗಿ ಅನ್ಯಗ್ರಹದ ಗೆಳೆಯನನ್ನು ಬೀಳ್ಕೊಡುವ ಸುದೀರ್ಘ ಭಾಗವಿದೆ. ಜಾನ್ ವಿಲಿಯಮ್ಸ್ ಅದಕ್ಕೆ ಬರೆದ ಸಂಗೀತವನ್ನು ಮುದ್ರಿಸುವಾಗ ಚಿತ್ರದ ಗುರುತುಗಳಿಗೆ ಹೊಂದಿಸಲು ಹೋದಂತೆಲ್ಲ ನಾದದ ಹರಿವು ಕೆಡುತ್ತಿತ್ತು. ನಿರ್ದೇಶಕ ಸ್ಪೀಲ್‌ಬರ್ಗ್ ತೆರೆಯನ್ನು ಆರಿಸಿ, ಕಛೇರಿಯಲ್ಲಿ ನುಡಿಸುವ ಹಾಗೆ ಮನಸಾರೆ ನುಡಿಸಲು ಹೇಳಿದರು. ಆಮೇಲೆ ಆ ಸಂಗೀತಕ್ಕೆ ಹೊಂದುವಂತೆ ಚಿತ್ರದ ಸಂಕಲನವನ್ನೇ ತಿದ್ದಿದರು. ಆ ಭಾಗ ನೋಡುವವರ ಎದೆ ತುಂಬುವುದಕ್ಕೆ ಇದೂ ಒಂದು ಕಾರಣ. 2002ರಲ್ಲಿ ಚಿತ್ರಕ್ಕೆ ಇಪ್ಪತ್ತು ತುಂಬಿದಾಗ ಲಾಸ್ ಏಂಜಲೀಸಿನ ಶ್ರೈನ್ ಸಭಾಂಗಣದಲ್ಲಿ ವಿಲಿಯಮ್ಸ್ ಇಡೀ ಚಿತ್ರಕ್ಕೆ ಜೀವಂತವಾಗಿ ವಾದ್ಯವೃಂದ ನಡೆಸಿದರು. ಅಂದು ಮನಸ್ಸಿಗೆ ಬಂದಂತೆ ಹಿಗ್ಗಿಸಿದ ಲಯವನ್ನು ಈಗ ಇಂಚಿಂಚೂ ಹಾಗೆಯೇ ಮರಳಿ ತರಬೇಕಾಗಿತ್ತು. ಇಂದಿಗೂ 'ಇ.ಟಿ.' ನಡೆಸುವ ಕಂಡಕ್ಟರುಗಳಿಗೆ ಆ ಹದಿನೈದು ನಿಮಿಷವೇ ಅಗ್ನಿಪರೀಕ್ಷೆ.

ವಾದಕರ ದೇಹಶ್ರಮವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸ್ಟುಡಿಯೊದಲ್ಲಿ ಎರಡು ಮೂರು ನಿಮಿಷದ ತುಣುಕುಗಳನ್ನು ಹಲವು ದಿನ ಹರಡಿಕೊಂಡು, ನಡುನಡುವೆ ಕಾಫಿ ಕುಡಿದು ಮುದ್ರಿಸಿದ ಸಂಗೀತ ಅದು. ಒಂದೇ ಸಂಜೆ ಎರಡೂವರೆ ಗಂಟೆ ಯಾರಾದರೂ ನುಡಿಸುತ್ತಾರೆಂಬ ಯೋಚನೆ ಬರೆದವರಿಗೆ ಇರಲಿಲ್ಲ. ಟ್ರಂಪೆಟ್, ಹಾರ್ನ್, ಟ್ರಾಂಬೋನ್ ಊದುವವರ ತುಟಿ ಸೋಲುತ್ತದೆ. 'ಸ್ಟಾರ್ ವಾರ್ಸ್' ಶುರುವಾಗುವುದೇ ಟ್ರಂಪೆಟ್ಟಿನ ಎತ್ತರದ ಸ್ವರದಿಂದ. ಮುಗಿಯುವ ಹೊತ್ತಿಗೂ ಅಷ್ಟೇ ಎತ್ತರದ ವಿಜಯಘೋಷ ಕಾದಿರುತ್ತದೆ. ಹೀಗಾಗಿ ಹಲವು ವಾದ್ಯವೃಂದಗಳು ಲೋಹವಾದ್ಯಗಳಿಗೆ ಒಬ್ಬಿಬ್ಬರು ಹೆಚ್ಚುವರಿ ಕಲಾವಿದರನ್ನು ಇಟ್ಟುಕೊಳ್ಳುತ್ತವೆ. ಈ ಕಛೇರಿಗಳಲ್ಲಿ ಹಾಲಿವುಡ್ ಚಿತ್ರಗಳಿಗೂ ನಮ್ಮ ಚಿತ್ರಗಳಂತೆ ಮಧ್ಯಂತರ ಸಿಗುತ್ತದೆ.

ಸಭಾಂಗಣದಲ್ಲಿ ನಾದವನ್ನು ಹದಗೊಳಿಸುವುದು ಇನ್ನೊಂದು ಕಲೆ. ನೂರು ವಾದ್ಯಗಳ ಅಬ್ಬರದ ಮುಂದೆ ಪಿಸುಮಾತು ಕೇಳುವುದಿಲ್ಲ. ಅದಕ್ಕಾಗಿ ಇಂಗ್ಲಿಷ್ ಚಿತ್ರಕ್ಕೆ ಇಂಗ್ಲಿಷಿನಲ್ಲೇ ಅಡಿಬರಹ ಹಾಕುವುದು ರೂಢಿ. ವಾದ್ಯಗಳಿಗೆ ಮೈಕ್ ಇಟ್ಟು, ಮಾತಿನ ಪಥದೊಡನೆ ಹದವಾಗಿ ಬೆರೆಸಲು ಧ್ವನಿ ತಂತ್ರಜ್ಞರು ಸಭಾಂಗಣದ ನಡುವೆಯೇ ಕುಳಿತಿರುತ್ತಾರೆ. ಮೈಕ್ ಹೆಚ್ಚಾದರೆ ಜೀವಂತ ನಾದವೂ ಮುದ್ರಿತದಂತೆ ಕೇಳಿ, ಬಂದ ಉದ್ದೇಶವೇ ವ್ಯರ್ಥವಾಗುತ್ತದೆ. ಈ ವಿಷಯದಲ್ಲಿ 1960ರ 'ಸೈಕೊ' ಅಚ್ಚುಮೆಚ್ಚಿನ ಆಯ್ಕೆ. ಬರ್ನಾರ್ಡ್ ಹರ್ಮನ್ ಅದಕ್ಕೆ ತಂತಿವಾದ್ಯಗಳನ್ನು ಮಾತ್ರ ಬಳಸಿದ್ದಾರೆ. ಸ್ನಾನಗೃಹದ ಕೊಲೆಯ ದೃಶ್ಯಕ್ಕೆ ಸಂಗೀತವೇ ಬೇಡವೆಂಬುದು ನಿರ್ದೇಶಕ ಹಿಚ್‌ಕಾಕ್ ಅವರ ಮೊದಲ ಯೋಚನೆಯಾಗಿತ್ತು, ಹರ್ಮನ್ ಬರೆದದ್ದನ್ನು ಕೇಳಿದ ಮೇಲೆ ಮನಸ್ಸು ಬದಲಾಯಿಸಿದರು. ಆ ಚೀರುವ ಸ್ವರಗಳು ಬರಿಯ ಪಿಟೀಲುಗಳವು, ಕಮಾನನ್ನು ಗಡುಸಾಗಿ ಒತ್ತಿ ಎಳೆದದ್ದು ಎಂಬುದು ಎದುರಿಗೆ ಕಂಡಾಗ ಭಯ ಕಡಿಮೆಯಾಗುವುದಿಲ್ಲ. ಅದರ ಜೊತೆಗೆ ಬೆರಗೊಂದು ಸೇರುತ್ತದೆ.

ಕಳೆದ ಎರಡು ದಶಕಗಳಲ್ಲಿ ಈ ಪ್ರಕಾರ ಜಗತ್ತಿನ ವಾದ್ಯವೃಂದಗಳ ವಾರ್ಷಿಕ ಕಾರ್ಯಕ್ರಮದ ಖಾಯಂ ಭಾಗವಾಗಿದೆ. 2008ರಲ್ಲಿ ಸ್ವಿಟ್ಜರ್ಲೆಂಡಿನ ಲೂಸರ್ನ್‌ನಲ್ಲಿ ಲುಡ್ವಿಗ್ ವಿಕಿ 'ದಿ ಲಾರ್ಡ್ ಆಫ್ ದ ರಿಂಗ್ಸ್' ಸರಣಿಯ ಮೊದಲ ಚಿತ್ರವನ್ನು ವಾದ್ಯವೃಂದ ಮತ್ತು ಮೇಳಗಾಯಕರೊಡನೆ ಪ್ರಸ್ತುತಪಡಿಸಿದ್ದು ದೊಡ್ಡ ತಿರುವು. 2016ರಲ್ಲಿ 'ಹ್ಯಾರಿ ಪಾಟರ್' ಸರಣಿ ಹೊರಟಿತು. 2017ರಲ್ಲಿ ನ್ಯೂಯಾರ್ಕ್ ಫಿಲ್ಹಾರ್ಮೊನಿಕ್ 'ಸ್ಟಾರ್ ವಾರ್ಸ್' ಚಿತ್ರಗಳನ್ನು ನುಡಿಸಿತು. ಬೀಥೋವನ್ ಕೇಳಲು ಬಾರದವರು ಮಕ್ಕಳ ಕೈಹಿಡಿದು ಇವಕ್ಕೆ ಬರುತ್ತಾರೆ. ಸಂಗೀತಸಭೆಗಳ ಖರ್ಚು ತೂಗಿಸಲು ಈ ಟಿಕೆಟ್ಟುಗಳ ಹಣ ನೆರವಾಗುತ್ತದೆ.

ಭಾರತದ ಚಿತ್ರಗಳೂ ಈ ದಾರಿಯಲ್ಲಿ ನಡೆದಿವೆ. ಹಿಮಾಂಶು ರಾಯ್ ಮತ್ತು ಜರ್ಮನ್ ನಿರ್ದೇಶಕ ಫ್ರಾಂಜ್ ಓಸ್ಟನ್ ಕೂಡಿ ಮಾಡಿದ ಮೂಕಿ ಚಿತ್ರ 'ಪ್ರಪಂಚ ಪಾಶ'ಕ್ಕೆ ನಿತಿನ್ ಸಾಹ್ನಿ ಹೊಸ ಸಂಗೀತ ಬರೆದರು. 2007ರಲ್ಲಿ ಲಂಡನ್ನಿನ ಟ್ರಫಾಲ್ಗರ್ ಚೌಕದ ಬಯಲಿನಲ್ಲಿ ಲಂಡನ್ ಸಿಂಫನಿ ಆರ್ಕೆಸ್ಟ್ರಾ ಅದನ್ನು ಚಿತ್ರದೊಡನೆ ನುಡಿಸಿತು. ಅದೇ ಜೋಡಿಯ 1928ರ 'ಶಿರಾಜ್' ಚಿತ್ರವನ್ನು ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಪುನರುದ್ಧಾರ ಮಾಡಿದಾಗ ಅನೌಷ್ಕಾ ಶಂಕರ್ ಸಂಗೀತ ಸಂಯೋಜಿಸಿ, ಸಣ್ಣ ತಂಡದೊಡನೆ ತಾವೇ ಸಿತಾರ್ ಹಿಡಿದು ಕುಳಿತರು. 2017ರಲ್ಲಿ ಲಂಡನ್ನಿನಲ್ಲಿ ಮೊದಲ ಪ್ರದರ್ಶನವಾಗಿ, ಅದೇ ವರ್ಷ ಭಾರತದ ಕೆಲವು ನಗರಗಳಿಗೂ ಬಂತು. 2019ರ ಅಕ್ಟೋಬರಿನಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ 'ಬಾಹುಬಲಿ'ಯ ಮೊದಲ ಭಾಗ ಓಡಿತು. ಕನ್ನಡದಲ್ಲೂ ಸಂಗೀತ ನೀಡಿದ ಎಂ.ಎಂ. ಕೀರವಾಣಿಯವರ ರಚನೆಯನ್ನು ವಾದ್ಯವೃಂದ ಜೀವಂತವಾಗಿ ನುಡಿಸಿತು. ರಾಯಚೂರು ಜಿಲ್ಲೆಯಲ್ಲಿ ಹುಟ್ಟಿದ ನಿರ್ದೇಶಕ ರಾಜಮೌಳಿ ಪ್ರೇಕ್ಷಕರ ನಡುವೆ ಇದ್ದರು.

ಎಲ್ಲ ಚಿತ್ರವೂ ಇದಕ್ಕೆ ಹೊಂದುವುದಿಲ್ಲ. ಸಿಂಥಸೈಜರಿನ ಮೇಲೆ ಕಟ್ಟಿದ ಹಿನ್ನೆಲೆಯಿದ್ದರೆ ವಾದ್ಯವೃಂದಕ್ಕೆ ಕೆಲಸವಿಲ್ಲ. ಮಾತೇ ಮುಖ್ಯವಾದ ಚಿತ್ರದಲ್ಲಿ ತೊಂಬತ್ತು ವಾದಕರು ಅರ್ಧ ಗಂಟೆ ಕೈಕಟ್ಟಿ ಕೂರಬೇಕಾಗುತ್ತದೆ. ಸಂಗೀತ ವಿಮರ್ಶಕರ ಆಕ್ಷೇಪ ಇನ್ನೂ ಆಳದ್ದು: ವಾದ್ಯವೃಂದ ತಪ್ಪಿಲ್ಲದೆ ನುಡಿಸಿದಷ್ಟೂ ಪ್ರೇಕ್ಷಕರು ಅದನ್ನು ಮರೆತು ಕತೆಯೊಳಗೆ ಮುಳುಗುತ್ತಾರೆ, ಹಾಗಾದರೆ ವಾದಕರನ್ನು ವೇದಿಕೆಗೆ ಕರೆತಂದದ್ದೇಕೆ? ಆಕ್ಷೇಪದಲ್ಲಿ ಸತ್ಯವಿದೆ. ಆದರೆ ಅನುಭವ ಬೇರೆ ಹೇಳುತ್ತದೆ. ಕಣ್ಣು ಎರಡೂವರೆ ಗಂಟೆಯುದ್ದಕ್ಕೂ ತೆರೆಗೂ ವೇದಿಕೆಗೂ ನಡುವೆ ಓಡಾಡುತ್ತಿರುತ್ತದೆ. ಕೊನೆಯ ಹೆಸರುಗಳು ಓಡುವಾಗ ಮಾಮೂಲಿ ಚಿತ್ರಮಂದಿರ ಖಾಲಿಯಾಗುತ್ತದೆ. ಇಲ್ಲಿ ವಾದಕರು ಕಟ್ಟಕಡೆಯ ಸ್ವರದವರೆಗೆ ನುಡಿಸುತ್ತಾರೆ, ಜನ ಕದಲದೆ ಕೂತಿದ್ದು ಆಮೇಲೆ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ.

ಕರ್ನಾಟಕದಲ್ಲಿ ಇಂಥ ಪ್ರದರ್ಶನಕ್ಕೆ ಹೇಳಿ ಮಾಡಿಸಿದ ಚಿತ್ರವೊಂದಿದೆ. ಶೃಂಗಾರ್ ನಾಗರಾಜ್ ನಿರ್ಮಾಣದಲ್ಲಿ ಪಾಲುಗೊಂಡು, ಸಿಂಗೀತಂ ಶ್ರೀನಿವಾಸ ರಾವ್ ನಿರ್ದೇಶಿಸಿದ 1987ರ 'ಪುಷ್ಪಕ ವಿಮಾನ'. ಬೆಂಗಳೂರಿನಲ್ಲೇ ಚಿತ್ರಿಸಿದ ಅದರಲ್ಲಿ ಒಂದು ಸಂಭಾಷಣೆಯೂ ಇಲ್ಲ. ಅಡಿಬರಹ ಬೇಡ, ಮಾತು ಮುಳುಗುವ ಭಯವಿಲ್ಲ. ಸಂಗೀತ ಎಲ್. ವೈದ್ಯನಾಥನ್ ಅವರದು. 'ಮಾಲ್ಗುಡಿ ಡೇಸ್' ಧಾರಾವಾಹಿಯ ನಾದದಿಂದ ಮನೆಮನೆಗೂ ಪರಿಚಿತರಾದ ಅವರು 2007ರಲ್ಲಿ ತೀರಿಕೊಂಡರು. ಅಂಥ ಸಂಜೆಯೊಂದಕ್ಕೆ ಬೇಕಾದದ್ದು ಒಳ್ಳೆಯ ಪ್ರತಿ, ಒಂದಷ್ಟು ವಾದಕರು ಮತ್ತು ಸ್ವರಲಿಪಿ. ಮೊದಲೆರಡನ್ನು ಹಣ ಕೊಟ್ಟು ಹೊಂದಿಸಬಹುದು. ಮದ್ರಾಸಿನ ರೀರೆಕಾರ್ಡಿಂಗ್ ಕೊಠಡಿಗಳಲ್ಲಿ ದುಡಿದ ಹಿರಿಯ ವಾದಕರ ಮನೆಯ ಅಟ್ಟದಲ್ಲಿ, ಟ್ರಂಕಿನಲ್ಲಿ ಪೆನ್ಸಿಲಿನಲ್ಲಿ ಬರೆದ ಸ್ವರಲಿಪಿಯ ಹಾಳೆಗಳು ಸಿಕ್ಕರೆ, ಅವು ಯಾವ ಚಿತ್ರದವೇ ಆಗಿರಲಿ, ದಯವಿಟ್ಟು ಅವನ್ನು ಹಳೇ ಪೇಪರಿನವರಿಗೆ ಹಾಕಬೇಡಿ.